ಇಲ್ಲ ಅಂದುಕೊಳ್ಳುವ ಆಟ

ಗುಂಪಾಗಿ ಕುಳಿತು ಐಡಿಯಾ ಹುಡುಕುವುದಕ್ಕೆ ಮೊದಲ ನಿಯಮವೊಂದಿದೆ: ಯಾರು ಏನೇ ಹೇಳಿದರೂ ಅಲ್ಲಗಳೆಯಬಾರದು. ಎರಡನೆಯದು, ಮನಸ್ಸಿಗೆ ಬಂದದ್ದನ್ನು ಸೋಸದೆ ಹೇಳಬೇಕು. ಐಡಿಯಾ ಯಾರದು ಎಂದು ಕೇಳಬಾರದು, ಅದು ಎಲ್ಲರದು ಎನ್ನುವುದು ಇನ್ನೊಂದು. ಈ ನಿಯಮಗಳನ್ನು ಮಾಡಿದವರು ಬಹಳ ಒಳ್ಳೆಯವರಿರಬೇಕು, ಇಲ್ಲವೇ ಬಹಳ ಕಿಲಾಡಿಗಳಿರಬೇಕು. ಬಾಯಿ ಬಿಡಿಸುವುದಕ್ಕೆ ಇದಕ್ಕಿಂತ ಒಳ್ಳೆಯ ಉಪಾಯವನ್ನು ಪೊಲೀಸರೂ ಕಂಡುಹಿಡಿದಿಲ್ಲ. ಈಗ ನಾನು ಸೂರತ್ತಿನಲ್ಲಿ ಬೇರೊಂದು ಕಂಪನಿಯಲ್ಲಿದ್ದೇನೆ. ಇಲ್ಲಿಯೂ ಆಗಾಗ ಬಣ್ಣದ ಚೀಟಿ, ಸ್ಕೆಚ್ ಪೆನ್ನು ಹಂಚಿ ನಮ್ಮನ್ನು ದುಂಡಗೆ ಕೂರಿಸುತ್ತಾರೆ. ಮೊದಲು ಹೊಳೆದದ್ದನ್ನು ನುಂಗಿಕೊಂಡು, ಮೂರನೆಯದೋ ನಾಲ್ಕನೆಯದೋ ಬರೆದು ಅಂಟಿಸಿ ಎದ್ದು ಬರುತ್ತೇನೆ. ಯಾಕೆಂದು ಇಲ್ಲಿ ಯಾರಿಗೂ ಹೇಳಿಲ್ಲ.

ಇಲ್ಲಿಗೆ ಬರುವ ಮೊದಲು ನಾನಿದ್ದದ್ದು ವಡೋದರಾದಲ್ಲಿ. ಗೋರ್ವಾ ಬಡಾವಣೆಯ ಆ ಕಂಪನಿ ಘರ್‌ಘಂಟಿ ಮಾಡುತ್ತಿತ್ತು. ಘರ್‌ಘಂಟಿ ಎಂದರೆ ಮನೆಯಲ್ಲೇ ಇಟ್ಟುಕೊಳ್ಳುವ ಹಿಟ್ಟಿನ ಗಿರಣಿ. ಸಣ್ಣ ಫ್ರಿಜ್ಜಿನಷ್ಟು ಎತ್ತರದ ಪೆಟ್ಟಿಗೆ, ಮೇಲೆ ಗೋಧಿ ಸುರಿದರೆ ಕೆಳಗಿನ ಡಬ್ಬಿಗೆ ಹಿಟ್ಟು. ಅದರ ಡಿಸೈನ್ ರೂಮಿನಲ್ಲಿ ನಾವು ಐದು ಜನ. ನಾನು ತುಮಕೂರಿನವಳು, ಮೆಕ್ಯಾನಿಕಲ್ ಓದಿದವಳು, ಮೂವತ್ತು ದಾಟಿಯೂ ಮದುವೆಯಾಗದವಳು. ಈ ಮೂರರಲ್ಲಿ ಕೊನೆಯದರ ಬಗ್ಗೆ ಮಾತ್ರ ಎಲ್ಲರ ಹತ್ತಿರವೂ ಸಲಹೆಗಳಿರುತ್ತಿದ್ದವು. ಉಳಿದ ನಾಲ್ವರು ಗುಜರಾತಿಗಳು, ಹೆಂಗಸರನ್ನೆಲ್ಲ ಬೆನ್, ಎಂದರೆ ಸೋದರಿ, ಎಂದು ಕರೆಯುವವರು. ಅವರಲ್ಲಿ ಹಿರಿಯರನ್ನು ಎಲ್ಲರೂ ಕಾಕಾ ಅನ್ನುತ್ತಿದ್ದೆವು. ಕಂಪ್ಯೂಟರ್ ಬರುವ ಮೊದಲು ಬೋರ್ಡಿನ ಮೇಲೆ ಪೆನ್ಸಿಲ್ ಹಿಡಿದು ಗೆರೆ ಎಳೆಯುತ್ತಿದ್ದ ಕಾಲದವರು. ಮಧ್ಯಾಹ್ನ ಐದೂ ಡಬ್ಬಿಗಳು ಒಂದೇ ಮೇಜಿನ ಮೇಲೆ ಬಿಚ್ಚಿಕೊಳ್ಳುತ್ತಿದ್ದವು. ನನ್ನ ಡಬ್ಬಿಯಲ್ಲಿ ಪಡ್ಡು ಇದ್ದ ದಿನ ನನಗೇ ಎರಡು ಸಿಕ್ಕರೆ ಪುಣ್ಯ.

ರಾತ್ರಿ ಮಲಗುವುದಕ್ಕೆ ಫತೇಗಂಜ್‌ನಲ್ಲಿ ಹಾಸ್ಟೆಲು ಹುಡುಗರ ಗದ್ದಲದ ನಡುವೆ ಒಂದು ಬಾಡಿಗೆ ರೂಮಿತ್ತು. ಊರಿನಲ್ಲಿ ಅಣ್ಣ ಅತ್ತಿಗೆಯ ಸಂಸಾರ. ನನ್ನದು ಎಂದು ಹೇಳಿಕೊಳ್ಳುವುದಕ್ಕೆ ಆಗ ನನಗಿದ್ದದ್ದು ಆ ಕೆಲಸ, ಮತ್ತು ಅಕ್ಕ.

ಅಕ್ಕ ಒಡಹುಟ್ಟಿದವರಲ್ಲ. ಅದೇ ಕಂಪನಿಯ ಎಚ್‌ಆರ್‌ನಲ್ಲಿ ತರಬೇತಿ ನೋಡಿಕೊಳ್ಳುತ್ತಿದ್ದವರು, ಹುಬ್ಬಳ್ಳಿಯವರು. ಗಂಡ ಸರ್ಕಾರಿ ಸಂಸ್ಥೆಯೊಂದರಲ್ಲಿ ಇಂಜಿನಿಯರ್, ಇಬ್ಬರು ಮಕ್ಕಳು, ಗೋರ್ವಾದಲ್ಲೇ ಒಂದು ಸೊಸೈಟಿಯಲ್ಲಿ ಫ್ಲ್ಯಾಟು. ನಾನು ಕೆಲಸಕ್ಕೆ ಸೇರಿದ ದಿನ ನನ್ನ ಕಾಗದಪತ್ರ ನೋಡಿ, "ತುಮಕೂರೇನವಾ? ರೊಟ್ಟಿ ತಿನ್ನಾಕ ಬರ್ತೈತೋ, ಬರೇ ಮುದ್ದಿ ನುಂಗೂದಷ್ಟ ಗೊತ್ತೋ?" ಎಂದು ಕೇಳಿದರು. "ಹಾಕಿ ನೋಡಿ, ಆಮೇಲೆ ಹೇಳಿ" ಅಂದೆ. ಆ ಭಾನುವಾರ ಹೋದವಳು, ಆಮೇಲೆ ವಡೋದರಾದಲ್ಲಿದ್ದ ಹೆಚ್ಚುಕಡಿಮೆ ಎಲ್ಲ ಭಾನುವಾರಗಳನ್ನೂ ಅವರ ಅಡುಗೆಮನೆಯಲ್ಲೇ ಕಳೆದೆ.

ತರಬೇತಿಗೆಂದು ಕಂಪನಿ ಅವರನ್ನು ಅಹಮದಾಬಾದಿಗೆ ಕಳಿಸುತ್ತಿತ್ತು. ಪ್ರತಿ ಸಲವೂ ಐಡಿಯಾ ಹುಡುಕುವ ಹೊಸದೊಂದು ವಿಧಾನ ಕಲಿತು ಬರುತ್ತಿದ್ದರು. ಕಚೇರಿಯಲ್ಲಿ ಆಡಿಸುವ ಮೊದಲು ನನ್ನ ಮೇಲೆ ಪ್ರಯೋಗ. ಅವರು ರೊಟ್ಟಿ ಬಡಿಯುತ್ತ ಕೇಳುವುದು, ನಾನು ಅಡುಗೆಕಟ್ಟೆಯ ಮೇಲೆ ಕಾಲು ಇಳಿಬಿಟ್ಟು ಕೂತು ಹೇಳುವುದು. ಒಂದು ವಿಧಾನದಲ್ಲಿ ಎಲ್ಲರೂ ಮಾತಿಲ್ಲದೆ ಚೀಟಿಯಲ್ಲಿ ಬರೆದು ಪಕ್ಕದವರಿಗೆ ದಾಟಿಸಬೇಕು, ಪಕ್ಕದವರು ಅದಕ್ಕೆ ತಮ್ಮದೊಂದು ಸೇರಿಸಬೇಕು. ಇನ್ನೊಂದರಲ್ಲಿ ಕಣ್ಣಿಗೆ ಬಿದ್ದ ಯಾವುದಾದರೂ ವಸ್ತುವನ್ನು ಹಿಡಿದು ಸಮಸ್ಯೆಗೆ ಗಂಟು ಹಾಕಬೇಕು. ನನಗೆ ಬಹಳ ಹಿಡಿಸಿದ್ದು ಉಲ್ಟಾ ಪ್ರಶ್ನೆ. ಸಮಸ್ಯೆ ಹೇಗೆ ಬಗೆಹರಿಸುವುದು ಎಂದು ಕೇಳಬಾರದು. ಇನ್ನಷ್ಟು ಕೆಡಿಸುವುದು ಹೇಗೆ ಎಂದು ಕೇಳಬೇಕು. ಕೆಡಿಸುವುದರಲ್ಲಿ ಮನುಷ್ಯನ ಬುದ್ಧಿ ಎಷ್ಟು ಚುರುಕು ಎನ್ನುವುದನ್ನು ಅಲ್ಲಿ ನೋಡಬೇಕು.

ಅಕ್ಕನಿಗೆ ಮಕ್ಕಳದೇ ಚಿಂತೆ. ಇಬ್ಬರೂ ಕನ್ನಡದಲ್ಲಿ ಕೇಳಿದರೆ ಹಿಂದಿಯಲ್ಲಿ ಉತ್ತರ ಕೊಡುತ್ತಿದ್ದರು, ತಮ್ಮತಮ್ಮಲ್ಲಿ ಗುಜರಾತಿ. "ಉಲ್ಟಾ ಕೇಳೋಣ ಅಕ್ಕ" ಅಂದೆ. "ಅವರ ಬಾಯಲ್ಲಿ ಕನ್ನಡವೇ ಬರಬಾರದು ಅಂದ್ರೆ ಏನ್ ಮಾಡ್ಬೇಕು?" ಅವರು ಯೋಚಿಸುತ್ತಿದ್ದಾಗ ನಾನೇ ಹೇಳಿದೆ: "ಬೈಯೋದೆಲ್ಲ ಕನ್ನಡದಲ್ಲಿ ಬೈಬೇಕು, ಮುದ್ದು ಮಾಡೋದು ಹಿಂದೀಲಿ." ಅಕ್ಕನ ಕೈ ರೊಟ್ಟಿಯ ಮೇಲೆ ನಿಂತುಬಿಟ್ಟಿತು. ಆ ಮನೆಯಲ್ಲಿ ನಡೆಯುತ್ತಿದ್ದುದು ಅದೇ. ಹೋಂವರ್ಕು, ಜಗಳ, ಹಾಲು ಚೆಲ್ಲಿದ್ದು ಎಲ್ಲಕ್ಕೂ ಹುಬ್ಬಳ್ಳಿ ಕನ್ನಡ. ಐಸ್‌ಕ್ರೀಮು, ಸಿನಿಮಾ, ರಜೆಯ ಪ್ರವಾಸಕ್ಕೆ ಹಿಂದಿ. "ನೀ ನನ್ನ ಮನ್ಯಾಗ ಕ್ಯಾಮೆರಾ ಇಟ್ಟೀಯೇನು?" ಎಂದು ನಗುತ್ತ ನನ್ನ ಕೆನ್ನೆಗೆ ಹಿಟ್ಟು ಬಳಿದರು. ಮರುದಿನದಿಂದ ಬೈಗುಳ ಹಿಂದಿಗೆ ಹೋಯಿತು.

ಕಂಪನಿಗೂ ಆ ವಿಧಾನದಿಂದ ಉಪಕಾರವಾಯಿತು. ಅಹಮದಾಬಾದಿನ ಫ್ಲ್ಯಾಟುಗಳಿಂದ ಒಂದೇ ದೂರು: ಘರ್‌ಘಂಟಿ ಹಚ್ಚಿದರೆ ಕೆಳಗಿನ ಮನೆಯವರು ಜಗಳಕ್ಕೆ ಬರುತ್ತಾರೆ. ಗಿರಣಿಯ ಸದ್ದು ತಗ್ಗಿಸುವುದಕ್ಕೆ ನಾವು ಪೆಟ್ಟಿಗೆಯೊಳಗೆ ಏನೇನೋ ತುರುಕಿ ನೋಡಿದ್ದೆವು. ಅಕ್ಕ ನಮ್ಮನ್ನು ಕೂರಿಸಿ, "ಕೆಳಗಿನವರು ಓಡಿಬರಬೇಕಾದರೆ ಏನು ಮಾಡಬೇಕು?" ಎಂದು ಕೇಳಿದರು. ನೆಲವನ್ನು ತಮಟೆ ಮಾಡಬೇಕು, ಅಂದೆ ನಾನು. ಅಂದಮೇಲೆ ಹೊಳೆಯಿತು. ಸದ್ದು ಪೆಟ್ಟಿಗೆಯಿಂದ ಹೊರಗೆ ಹೋಗುತ್ತಿರಲಿಲ್ಲ, ಅದರ ನಾಲ್ಕು ಕಾಲುಗಳಿಂದ ಟೈಲ್ಸಿಗೆ ಇಳಿಯುತ್ತಿತ್ತು. ಮೋಟಾರನ್ನು ಒಳಗೇ ರಬ್ಬರ್ ಪಟ್ಟಿಯಿಂದ ತೊಟ್ಟಿಲಿನ ಹಾಗೆ ತೂಗುಹಾಕಿದೆವು, ದೂರು ನಿಂತಿತು. ಆ ಸಲ ಎಲ್ಲರೂ ನನ್ನ ಬೆನ್ನು ತಟ್ಟಿದರು. ಐಡಿಯಾ ಎಲ್ಲರದು ಎಂಬ ನಿಯಮ ಅವತ್ತು ಯಾರಿಗೂ ನೆನಪಿರಲಿಲ್ಲ.

ಆಮೇಲೆ ಒಂದು ಗಾಳಿಸುದ್ದಿ ಹಬ್ಬಿತು. ಮಾಲೀಕರ ಮಗ ವ್ಯವಹಾರ ವಹಿಸಿಕೊಂಡು ಹೊಸ ಸಾಹೇಬರಾಗಿದ್ದರು. ಹೆಡ್ ಆಫೀಸು ಅಹಮದಾಬಾದಿನ ಸ್ಯಾಟಲೈಟ್ ಬಡಾವಣೆಯಲ್ಲಿ. ವಡೋದರಾದಲ್ಲಿ ಬರೀ ಕಾರ್ಖಾನೆ ಇದ್ದರೆ ಸಾಕು, ಡಿಸೈನ್ ರೂಮ್ ಯಾಕೆ ಎಂದು ಅವರು ಕೇಳುತ್ತಿದ್ದಾರಂತೆ. ಕಾಕಾ ಡಬ್ಬಿ ಮುಚ್ಚುತ್ತ, "ಕೇಳುವವರು ಉತ್ತರ ಇಟ್ಟುಕೊಂಡೇ ಕೇಳುತ್ತಾರೆ" ಅಂದರು. ನನಗೆ ಭಯವಾಯಿತು. ಬೇರೆ ಊರಿಗೆ ಹೋಗಿ ಮತ್ತೆ ಮೊದಲಿನಿಂದ ಶುರುಮಾಡುವ ಶಕ್ತಿ ನನ್ನಲ್ಲಿರಲಿಲ್ಲ, ಕಾಕಾನಲ್ಲಂತೂ ಇರಲೇ ಇಲ್ಲ.

ಆ ವಾರದ ಕೊನೆಗೆ ಅಕ್ಕ ನಮ್ಮ ರೂಮಿಗೇ ಬಂದು ಚೀಟಿ ಹಂಚಿದರು. ಅವತ್ತಿನದು ಇಲ್ಲ ಅಂದುಕೊಳ್ಳುವ ಆಟ. ಇದನ್ನೂ ನಾವಿಬ್ಬರೂ ಮನೆಯಲ್ಲಿ ಆಡಿದ್ದೆವು: ಗ್ಯಾಸ್ ಇಲ್ಲ ಅಂದುಕೋ, ಇಪ್ಪತ್ತು ಜನಕ್ಕೆ ಊಟ ಹೇಗೆ ಹಾಕುತ್ತೀ? ಯಾವುದು ಬಿಟ್ಟರೆ ಆಗುವುದೇ ಇಲ್ಲ ಅನ್ನಿಸುತ್ತದೋ ಅದನ್ನೇ ತೆಗೆದುಹಾಕಿ ಯೋಚಿಸಬೇಕು. ಹಾಗೆ ತೆಗೆದರೆ ತಲೆ ಹೊಸ ದಾರಿ ಹುಡುಕಲೇಬೇಕಾಗುತ್ತದೆ. ಅಕ್ಕ ಬೋರ್ಡಿನ ಮೇಲೆ ಪ್ರಶ್ನೆ ಬರೆದರು: ಡಿಸೈನ್ ರೂಮ್ ಇಲ್ಲ ಅಂದುಕೊಳ್ಳಿ, ಹೊಸ ಮಾಡೆಲ್ ಹೇಗೆ ಹೊರಬರುತ್ತದೆ?

ಯಾರೂ ಪೆನ್ನು ಮುಟ್ಟಲಿಲ್ಲ. ಕಾಕಾ ಹಿಂದಿಯಲ್ಲಿ, "ಬೆನ್, ಇದು ಆಟವೋ ನೋಟಿಸೋ?" ಎಂದು ಕೇಳಿದರು.

"ಆಟ ಕಾಕಾ. ಭಯ ಹೊರಗಿಟ್ಟು ಬನ್ನಿ" ಎಂದು ಅಕ್ಕ ನಕ್ಕರು.

ಬಾಯಿಬಿಟ್ಟು ಮಾತಾಡಿಕೊಳ್ಳದೆಯೇ ಐದೂ ಜನ ಒಂದೇ ತೀರ್ಮಾನಕ್ಕೆ ಬಂದಿದ್ದೆವು: ನಿಜವಾದ ಉತ್ತರ ಕೊಡುವುದಿಲ್ಲ. ಒಬ್ಬರು ಚೀಟಿಯಲ್ಲಿ ಜ್ಯೋತಿಷಿಯನ್ನು ಕರೆಸೋಣ ಎಂದು ಬರೆದರು. ನಾನು, ಸೇಲ್ಸಿನವರೇ ಚಿತ್ರ ಬಿಡಿಸಲಿ ಎಂದು ಬರೆದೆ. ಕಾಕಾ ಖಾಲಿ ಚೀಟಿಯನ್ನೇ ನಾಲ್ಕು ಮಡಿಕೆ ಮಾಡಿ ಕೊಟ್ಟರು. ಅಕ್ಕ ಎಲ್ಲವನ್ನೂ ಬೋರ್ಡಿಗೆ ಅಂಟಿಸಿ, ನೋಡಿ, ಥ್ಯಾಂಕ್ಯೂ ಹೇಳಿ ಹೋದರು. ನಾವೆಲ್ಲ ಚಹಾ ತರಿಸಿಕೊಂಡು ಕುಡಿದೆವು. ನಾವು ಐದು ಜನ ಅಷ್ಟು ಗಟ್ಟಿಯಾಗಿ ಒಂದಾಗಿದ್ದದ್ದು ಅವತ್ತೊಂದೇ ದಿನ.

ಭಾನುವಾರ ಅಕ್ಕನ ಮನೆಗೆ ಹೋದಾಗ ಅವರ ಮುಖ ಬಾಡಿತ್ತು. ಗಂಡ ಮಕ್ಕಳು ಯಾವುದೋ ಸಮಾರಂಭಕ್ಕೆ ಹೋಗಿದ್ದರು. ಎಣಗಾಯಿ ಪಲ್ಯ, ಶೇಂಗಾ ಚಟ್ನಿ, ಬಿಸಿ ರೊಟ್ಟಿ. "ನಿಮ್ಮ ರೂಮಿನ್ಯಾಗ ನನ್ನ ಮಾನ ತೆಗದ್ರಲ್ಲವಾ" ಅಂದರು. "ಜ್ಯೋತಿಷಿ ಅಂತ, ಸೇಲ್ಸಿನವರು ಅಂತ. ಸಾಹೇಬ್ರು ನನಗ ಕೇಳಿದ್ರು, ಇಷ್ಟು ದಿನ ಇವರಿಗೆ ಏನ್ ಕಲಿಸೀರಿ ಅಂತ."

ನಾನು ನೇರವಾಗಿಯೇ ಕೇಳಿದೆ. "ಅಕ್ಕ, ನಿಜ ಹೇಳಿ. ನಮ್ಮ ರೂಮ್ ಮುಚ್ತಾರಾ?"

ಅವರು ರೊಟ್ಟಿಯನ್ನು ನನ್ನ ತಟ್ಟೆಗೆ ಹಾಕಿ, ಮೇಲೆ ಬೆಣ್ಣೆ ಇಟ್ಟರು. "ಹುಚ್ಚಿ. ಮುಚ್ಚೂದಿದ್ರ ನಿನಗ ಮೊದಲ ಹೇಳ್ತಿದ್ದಿಲ್ಲೇನು? ಮಂದಿ ಸಲುವಾಗಿ ಅಂಜಿಕೋತ ಕುಂದರಬ್ಯಾಡ. ನಾ ಅದೀನಲ್ಲ."

ಆ ಮಾತು ಕೇಳಿ ಎದೆಯ ಮೇಲಿನ ಕಲ್ಲು ಇಳಿಯಿತು. ಊಟ ರುಚಿಸಿತು. ಅಕ್ಕ ಮೆಲ್ಲಗೆ, "ನಮ್ಮ ನಮ್ಮೊಳಗ ಒಮ್ಮೆ ಆಡೂಣೇನು? ಬರೇ ಆಟಕ್ಕ. ಆ ಪ್ರಶ್ನಿಗೆ ಉತ್ತರ ಐತೋ ಇಲ್ಲೋ ಅಂತ ನನಗರ ತಿಳೀಲಿ" ಅಂದರು.

ಆಟ ಎಂದರೆ ನನಗೆ ಹುಚ್ಚು ಎಂದು ಅವರಿಗೆ ಗೊತ್ತಿತ್ತು. ಎರಡು ದಿನದಿಂದ ಆ ಪ್ರಶ್ನೆ ನನ್ನ ತಲೆಯೊಳಗೆ ತಾನಾಗಿಯೇ ತಿರುಗುತ್ತಿತ್ತು, ಉತ್ತರವೂ ಅರ್ಧ ಸಿಕ್ಕಿತ್ತು. ಕಟ್ಟೆ ಹತ್ತಿ ಕೂತೆ. "ನಾವು ವರ್ಷಕ್ಕೆ ಇಷ್ಟೊಂದು ಮಾಡೆಲ್ ಮಾಡ್ತೀವಲ್ಲ ಅಕ್ಕ, ಅವೆಲ್ಲ ಸುಳ್ಳು. ಒಳಗಿರೋ ಗಿರಣಿ ಒಂದೇ. ಬಾಗಿಲು ಬೇರೆ, ಬಣ್ಣ ಬೇರೆ, ಎತ್ತರ ನಾಲ್ಕು ಬೆರಳು ಬೇರೆ. ಅದಕ್ಕೆ ಐದು ಜನ ದಿನಾ ಗೆರೆ ಎಳೀತೀವಿ."

"ಮತ್ತ?" ಅಂದರು ಅಕ್ಕ. ಆಟ ಆಡಿಸುವವರು ಅಷ್ಟೇ ಹೇಳಬೇಕು, ನಡುವೆ ಬಾಯಿ ಹಾಕಬಾರದು.

"ದೋಸೆ ಹಿಟ್ಟಿನ ಥರ ನೋಡಿ. ಒಂದೇ ಸಲ ರುಬ್ಬಿಡೋದು. ಮೊದಲನೇ ದಿನ ಇಡ್ಲಿ, ಮಾರನೇ ದಿನ ದೋಸೆ, ಹುಳಿ ಬಂದ ಮೇಲೆ ಪಡ್ಡು. ಹಿಟ್ಟು ಒಂದೇ, ಪಾತ್ರೆ ಬೇರೆ. ಗಿರಣಿ ಒಂದೇ ಅಂತ ಗಟ್ಟಿ ಮಾಡಿ, ಮೂರು ಪೆಟ್ಟಿಗೆ ಇಟ್ಕೊಂಡ್ರೆ ಮುಗೀತು. ತಗಡು ಬಗ್ಗಿಸೋರ ಹತ್ತಿರಾನೇ ಬಾಗಿಲಿನ ನಕ್ಷೆ ಇರಲಿ. ಡೀಲರ್ ಬಂದು ಇದಕ್ಕೆ ಇದು ಅಂತ ಆರಿಸ್ಕೊಳ್ಳಲಿ."

"ಮತ್ತ?"

"ಇದೆಲ್ಲ ಸರಿ ಇದೆಯಾ ಅಂತ ನೋಡೋಕೆ ಒಬ್ಬರು ಸಾಕು. ಅಹಮದಾಬಾದಲ್ಲೇ ಕೂತು ನೋಡಬಹುದು. ಅದೂ ಇಂಥೋರೇ ಆಗ್ಬೇಕು ಅಂತಿಲ್ಲ, ಯಾರಾದರೂ ಆಗುತ್ತೆ. ಅದೇ ಇದರ ಸೊಗಸು."

ನನ್ನ ತಲೆಯ ಮೇಲೆ ನಾನೇ ಚಪ್ಪಡಿ ಎಳೆದುಕೊಳ್ಳುತ್ತಿದ್ದೆ, ಅದೂ ಬೆಣ್ಣೆ ರೊಟ್ಟಿ ತಿನ್ನುತ್ತ. ಒಂದು ಕಗ್ಗಂಟು ಕೈಯಲ್ಲಿ ಬಿಚ್ಚಿಕೊಳ್ಳುವಾಗಿನ ಸುಖ ಅನುಭವಿಸಿದವರಿಗೇ ಗೊತ್ತು. ಅದು ಯಾರ ಗಂಟು ಎಂದು ಆಗ ನೆನಪಾಗುವುದಿಲ್ಲ. ಅಕ್ಕ ನನ್ನನ್ನೇ ನೋಡುತ್ತಿದ್ದರು. "ಭಾಳ ಶಾಣ್ಯಾಕಿ ಅದಿ" ಅಂದರು. ಬರುವಾಗ ಮಿಕ್ಕ ಎಣಗಾಯಿಯನ್ನು ಡಬ್ಬಿಗೆ ಹಾಕಿಕೊಟ್ಟರು.

ಕೆಲವು ದಿನ ಕಳೆದು ಹೆಡ್ ಆಫೀಸಿನಿಂದ ಕರೆ ಬಂತು. ಐದೂ ಜನ ಬೆಳಗಿನ ರೈಲಿನಲ್ಲಿ ಅಹಮದಾಬಾದಿಗೆ ಹೋದೆವು. ಕಾಕಾ ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿದ್ದರು. ಆ ಕೋಣೆಯಲ್ಲಿ ಸಾಹೇಬರಿದ್ದರು, ನಮಗಿಂತ ಮೊದಲೇ ಬಂದು ಅಕ್ಕ ಕೂತಿದ್ದರು. ನನ್ನತ್ತ ನೋಡಲಿಲ್ಲ. ಕೆಲಸದ ಒತ್ತಡವಿರಬೇಕು ಅಂದುಕೊಂಡೆ. ನಂಬಿದವರಿಗೆ ನೆಪ ಹುಡುಕಿಕೊಡುವುದರಲ್ಲಿ ನಾನು ಧಾರಾಳಿ.

ದೀಪ ಆರಿಸಿದರು. ಪರದೆಯ ಮೇಲೆ ಮೂರು ಚಿತ್ರ ಬಂದವು: ಇಡ್ಲಿ, ದೋಸೆ, ಪಡ್ಡು. ಗುಳಿಗುಳಿಯ ಪಡ್ಡಿನ ಹಂಚು, ಅದರೊಳಗೆ ಕೆಂಪಗೆ ಬೆಂದ ಪಡ್ಡುಗಳು. ಕೆಳಗೆ ಇಂಗ್ಲಿಷಿನಲ್ಲಿ, ಹಿಟ್ಟು ಒಂದು, ಪಾತ್ರೆ ಮೂರು.

ಮೊದಲು ನನಗೆ ಅರ್ಥವೇ ಆಗಲಿಲ್ಲ. ಅಕ್ಕ ಎದ್ದು ನಿಂತು ಇಂಗ್ಲಿಷಿನಲ್ಲಿ ಅಚ್ಚುಕಟ್ಟಾಗಿ ಹೇಳತೊಡಗಿದರು. ಒಂದೇ ಗಿರಣಿ, ಮೂರು ಪೆಟ್ಟಿಗೆ, ತಗಡಿನವರ ಬಳಿ ನಕ್ಷೆ, ಡೀಲರ್ ಆಯ್ಕೆ, ಒಬ್ಬರೇ ಸಾಕು. ನಾನು ಹೇಳಿದ ಕ್ರಮದಲ್ಲೇ ಹೇಳಿದರು. ಇದು ವಡೋದರಾ ತಂಡದ ಜೊತೆ ನಡೆಸಿದ ಚರ್ಚೆಯಲ್ಲಿ ಮೂಡಿದ್ದು, ಯಾರೊಬ್ಬರದೂ ಅಲ್ಲ, ಎಲ್ಲರದೂ, ಎಂದರು.

ಕತ್ತಲಲ್ಲಿ ನಾಲ್ಕು ಮುಖಗಳು ನನ್ನ ಕಡೆ ತಿರುಗಿದ್ದು ಗೊತ್ತಾಯಿತು. ಇಡ್ಲಿ ದೋಸೆ ಎಲ್ಲ ಊರಲ್ಲೂ ಸಿಗುತ್ತದೆ. ಪಡ್ಡು ಅವರು ತಿಂದಿದ್ದದ್ದು ನನ್ನ ಡಬ್ಬಿಯಿಂದ ಮಾತ್ರ. ಅಕ್ಕ ನನ್ನ ಹೆಸರು ಹೇಳಿದ್ದರೂ ಅಷ್ಟು ಸ್ಪಷ್ಟವಾಗಿ ಹೇಳಿದಂತಾಗುತ್ತಿರಲಿಲ್ಲ.

ತಿಂಗಳ ಕೊನೆಗೆ ರೂಮ್ ಮುಚ್ಚುವುದೆಂದು ಸಾಹೇಬರು ಹೇಳಿದರು. ಅಹಮದಾಬಾದಿನ ಆ ಒಂದು ಜಾಗ ನನಗೆ. ಉಳಿದವರಿಗೆ ನಿಯಮದ ಪ್ರಕಾರ ಸಲ್ಲುವುದೆಲ್ಲ ಸಲ್ಲುತ್ತದೆ. "ಈ ವಾರದಲ್ಲಿ ತಿಳಿಸಿ ಬೆನ್" ಎಂದರು. "ನೀವು ಬಂದರೆ ಸಂತೋಷ. ನೀವಲ್ಲದಿದ್ದರೂ ಯಾರಾದರೂ ಆಗುತ್ತದೆ, ಅದೇ ಇದರ ಸೊಗಸು." ಅದು ಅಡುಗೆಕಟ್ಟೆಯ ಮೇಲೆ ಕೂತು ನಾನೇ ಆಡಿದ ಮಾತು.

ವಾಪಸು ರೈಲಿನಲ್ಲಿ ನಾಲ್ವರೂ ಒಂದು ಕಡೆ ಕೂತರು. ನಾನೇ ಎದ್ದು ಹೋಗಿ ಕಾಕಾನ ಮುಂದೆ ನಿಂತು ನಡೆದದ್ದನ್ನೆಲ್ಲ ಹೇಳಿದೆ: ಭಾನುವಾರ, ರೊಟ್ಟಿ, ಬರೀ ಆಟ ಅಂದದ್ದು, ನಾನು ಮೊದಲೇ ಕೇಳಿದ್ದು, ಅವರು ಇಲ್ಲ ಅಂದದ್ದು. ಹೇಳುತ್ತಿದ್ದಂತೆ ಅದೆಲ್ಲ ನನಗೇ ಕಟ್ಟುಕತೆಯಂತೆ ಕೇಳಿಸಿತು. ಕಾಕಾ ಕೊನೆಯವರೆಗೂ ಕೇಳಿದರು. "ರೂಮಿನಲ್ಲಿ ಕೇಳಿದಾಗ ನೀನೂ ನಮ್ಮ ಜೊತೆ ಸುಮ್ಮನಿದ್ದೆಯಲ್ಲ ಮಗಳೇ" ಅಂದರು. "ಅದು ನನಗೆ ಇಷ್ಟವಾಗಿತ್ತು." ಆಮೇಲೆ ಕಿಟಕಿಯ ಕಡೆ ತಿರುಗಿದರು. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ.

ಸ್ಟೇಷನ್ನಿನಿಂದ ಸೀದಾ ಗೋರ್ವಾಕ್ಕೆ ಆಟೋ ಹಿಡಿದೆ. ಅಕ್ಕ ಕಂಪನಿಯ ಕಾರಿನಲ್ಲಿ ಮೊದಲೇ ಬಂದಿದ್ದರು. ಬಾಗಿಲು ತೆಗೆದು, ನಾನು ಬರುವುದು ಗೊತ್ತಿದ್ದವರ ಹಾಗೆ, "ಒಳಗ ಬಾ, ಕುಂದರು, ಚಾ ಮಾಡ್ತೀನಿ" ಅಂದರು. ನಾನು ಕೂರಲಿಲ್ಲ.

"ಮುಚ್ಚೋದಿದ್ರೆ ನಂಗೆ ಮೊದಲು ಹೇಳ್ತೀನಿ ಅಂದಿದ್ರಿ."

"ಒಂದೀಟು ಶಾಂತ ಆಗು. ಐದೂ ಮಂದೀನ ತಗೀಬೇಕಂತ ಮೊದಲ ಠರಾಯಿಸಿದ್ರು. ನಾ ಹೇಳಿದೆ, ಹಂಗ ಮಾಡಿದ್ರ ಕೆಲಸ ನಿಲ್ತೈತಿ, ಒಂದು ದಾರಿ ಹುಡುಕಿ ಕೊಡ್ತೀನಿ, ಒಬ್ಬಾಕಿನರ ಉಳಿಸ್ರಿ ಅಂತ. ಆ ಒಬ್ಬಾಕಿ ನೀನ. ನಿನ್ನ ಸಲುವಾಗಿ ಮಾಡೀನಿ."

"ನನ್ನ ಸಲುವಾಗಿ ಮಾಡಿದ್ರೆ ಪಡ್ಡು ಯಾಕೆ ಹಾಕಿದ್ರಿ ಅಕ್ಕ? ಅವರೆಲ್ಲ ನನ್ನ ಡಬ್ಬಿಯಿಂದ ತಿಂದೋರು."

ಪಡ್ಡಿಗೇನಾಯಿತು ಎನ್ನುವ ಹಾಗೆ ಅವರು ನನ್ನನ್ನು ನೋಡಿದರು. ಅದು ಅವರ ಮನಸ್ಸಿಗೆ ಬಂದೇ ಇರಲಿಲ್ಲ. ಚಂದ ಕಾಣುತ್ತದೆಂದು ಹಾಕಿದ್ದರು, ಅಷ್ಟೇ. ಅಷ್ಟರಿಂದಲೇ ನನ್ನ ನಾಲ್ಕು ಜನ ನನ್ನ ಕೈಬಿಟ್ಟು ಹೋಗಿದ್ದರು.

ಆ ಕ್ಷಣದವರೆಗೂ ನನ್ನ ಸಿಟ್ಟಿನೊಳಗೆ ಒಂದು ಆಸೆ ಉಳಿದಿತ್ತು. ಆ ಭಾನುವಾರ ಇವರಿಗೂ ಪೂರ್ತಿ ಗೊತ್ತಿರಲಿಲ್ಲ, ಆಮೇಲೆ ಯಾರೋ ಒತ್ತಾಯ ಮಾಡಿರಬೇಕು, ಎಂದು ರೈಲಿನುದ್ದಕ್ಕೂ ಅವರ ಪರವಾಗಿ ವಾದ ಕಟ್ಟಿಕೊಂಡು ಬಂದಿದ್ದೆ. ಅದನ್ನೇ ಕೇಳಿದೆ. "ಅವತ್ತು ರೊಟ್ಟಿ ಹಾಕಿದಾಗ ನಿಮಗೆ ಗೊತ್ತಿತ್ತಾ?"

"ಗೊತ್ತಿತ್ತು."

"ಹಾಗಾದ್ರೆ ಒಂದು ಮಾತು ಹೇಳಬಹುದಿತ್ತಲ್ಲ."

ಅಕ್ಕ ಸೆರಗಿನಿಂದ ಕೈ ಒರೆಸಿಕೊಂಡರು. ದನಿಯಲ್ಲಿ ಸಿಟ್ಟಿರಲಿಲ್ಲ. "ಹೇಳಿದ್ರ ನೀ ಬಾಯಿ ಬಿಡ್ತಿದ್ದಿಲ್ಲ" ಅಂದರು.

ಅದು ನಿಜ. ಆ ಊರಿನಲ್ಲಿ ನನ್ನನ್ನು ಅಷ್ಟು ಚೆನ್ನಾಗಿ ಬಲ್ಲವರು ಅವರೊಬ್ಬರೇ. ಎಲ್ಲಿ ಕೂತರೆ ನಾನು ಮಾತಾಡುತ್ತೇನೆ, ಏನು ತಿಂದರೆ ನನ್ನ ಭಯ ಹೋಗುತ್ತದೆ, ಯಾವ ಭಾಷೆಯಲ್ಲಿ ಕೇಳಿದರೆ ಸೋಸದೆ ಹೇಳುತ್ತೇನೆ, ಎಲ್ಲ ಅವರಿಗೆ ಗೊತ್ತಿತ್ತು. ಬೇಲಿಯೇ ಎದ್ದು ಹೊಲ ಮೇಯ್ದರೆ ಎಂದು ಊರಲ್ಲಿ ಹೇಳುತ್ತಿದ್ದದ್ದನ್ನು ಕೇಳಿದ್ದೆ. ಬೇಲಿಗೆ ಹೊಲದ ಮೂಲೆಮೂಲೆಯೂ ಗೊತ್ತಿರುತ್ತದೆ ಎನ್ನುವುದು ಆಗ ತಿಳಿಯಿತು. ನಾನು ಅತ್ತುಬಿಡುತ್ತೇನೆ ಅನ್ನಿಸಿ ಚಪ್ಪಲಿ ಹಾಕಿಕೊಳ್ಳಲು ಬಗ್ಗಿದೆ.

"ಅಹಮದಾಬಾದಿಗೆ ಹೋಗ್ತೀಯಲ್ಲ?" ಹಿಂದಿನಿಂದ ಅವರ ದನಿ. "ಸಿಟ್ಟಿನ್ಯಾಗ ಇದ್ದ ಒಂದು ಕೆಲಸಾನೂ ಕಳಕೋಬ್ಯಾಡ. ತಂಗಿ, ನಿನಗ ಕೇಳಾಕತ್ತೀನಿ."

ನಾನು ನೆಟ್ಟಗೆ ನಿಂತು ಅವರ ಮುಖ ನೋಡಿದೆ. "ನಹೀಂ ಮ್ಯಾಡಮ್" ಅಂದೆ. "ಮೈಂ ನಹೀಂ ಜಾವೂಂಗಿ."

ಅಷ್ಟು ವರ್ಷಗಳಲ್ಲಿ ಆ ಮನೆಯಲ್ಲಿ ಅವರೊಡನೆ ನಾನು ಆಡಿದ ಮೊದಲ ಹಿಂದಿ ಮಾತು ಅದು. ಕೆನ್ನೆಗೆ ಹೊಡೆದಿದ್ದರೂ ಅವರ ಮುಖ ಹಾಗೆ ಆಗುತ್ತಿರಲಿಲ್ಲವೇನೋ. ಅವರು ಕನ್ನಡದಲ್ಲಿ ಏನೋ ಹೇಳಲು ಬಾಯಿ ತೆರೆದರು, ನಾನು ಅಷ್ಟರಲ್ಲಿ ಮೆಟ್ಟಿಲಿಳಿಯುತ್ತಿದ್ದೆ.